ಕೊಡೆ ಹಿಡಿದ ಕೈ
ಮ್ಯೂಸಿಯಮ್ಮಿನ ಕಾವಲುಗಾರನಿಗೆ ಗೋಡೆಯ ಮೇಲಿನ ಫಲಕಗಳನ್ನು ಕಂಡರಾಗದು. 'ಅದನ್ನೇನ್ ಓದ್ತೀರಿ, ನಾನ್ ಹೇಳ್ತೀನಿ ಬನ್ನಿ' ಎಂದು ಅಡ್ಡ ನಿಂತುಬಿಡುತ್ತಾನೆ. ದೇಶದ ಮೊದಲ ಬಾವುಟ ಅವಸರದಲ್ಲಿ ತಲೆಕೆಳಗಾಗಿ ಹಾರಿತ್ತಂತೆ. ಪ್ರಮಾಣವಚನದ ದಿನ ಮೊದಲ ಪ್ರಧಾನಿ ಕೂತ ಕುರ್ಚಿ, ಬೆಳಿಗ್ಗೆ ಬಂದವರಿಗೆ ಎದುರಿನ ಕ್ಷೌರದಂಗಡಿಯದು, ಮಧ್ಯಾಹ್ನ ಬಂದವರಿಗೆ ಹಲ್ಲಿನ ಡಾಕ್ಟರದು. ಯಾರಾದರೂ ಮೇಷ್ಟ್ರು ಹುಬ್ಬೇರಿಸಿದರೆ, 'ಪುಸ್ತಕ ಬರೆದೋರು ಅಲ್ಲಿದ್ರಾ ಸಾರ್?' ಎಂದು ಬಾಯಿ ಮುಚ್ಚಿಸುತ್ತಾನೆ. ಕೊನೆಯ ಫೋಟೋದಲ್ಲಿ ಅದೇ ಪ್ರಧಾನಿ ಮಳೆಯಲ್ಲಿ ಭಾಷಣ ಮಾಡುತ್ತಿದ್ದಾರೆ. ಅವರಿಗೆ ಕೊಡೆ ಹಿಡಿದವನ ಕೈಯಷ್ಟೇ ಚೌಕಟ್ಟಿನೊಳಗಿದೆ. ಆ ಗಾಜನ್ನು ಮಾತ್ರ ಅವನು ಸ್ವಂತ ಕರವಸ್ತ್ರದಿಂದ ಒರೆಸುತ್ತಾನೆ. 'ಇದು ನಮ್ಮಪ್ಪನ ಕೈ' ಎನ್ನುತ್ತಾನೆ. ಬೆಳಿಗ್ಗೆಯೂ ಅದೇ ಮಾತು, ಮಧ್ಯಾಹ್ನವೂ ಅದೇ. ಅಲ್ಲಿಯವರೆಗೆ ಎಲ್ಲವನ್ನೂ ಕಣ್ಣರಳಿಸಿ ನಂಬಿದ ಜನ ಇದೊಂದಕ್ಕೆ ಗೊಳ್ಳೆಂದು ನಗುತ್ತಾರೆ.