ಒರೆಯ ಸದ್ದು

ನಂಬರ್ ಮಾಮನ ಅಂಗಡಿಗೆ ಹೊಸದಾಗಿ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಗೋಡೆಯ ಕಡೆಗೆ. ಕುದುರೆ ಸವಾರರ ಬಾಗಿದ ಕತ್ತಿ, ದೊಡ್ಡ ಅಧಿಕಾರಿಗಳು ಕವಾಯತಿಗೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ನೆಟ್ಟನೆಯ ಕತ್ತಿ, ಬಂದೂಕಿನ ಮೂತಿಗೆ ಸಿಕ್ಕಿಸುವ ಬಯೋನೆಟ್ಟುಗಳು. ಎಲ್ಲವೂ ಹಳೇ ಸೈನ್ಯಗಳ ಮಾಲು, ಎಲ್ಲದರ ಹಿಡಿಗೂ ದಾರ ಕಟ್ಟಿದ ಒಂದೊಂದು ಚೀಟಿ. ಮಾಮ ಮಾತ್ರ ಈ ಥಳುಕಿಗೆ ಸೊಪ್ಪು ಹಾಕುವವರಲ್ಲ. ಯಾರಾದರೂ ಮಾರಲು ತಂದರೆ ಅಲಗಿನ ಹೊಳಪು, ಹಿಡಿಯ ಕೆತ್ತನೆ ಎಲ್ಲ ಆಮೇಲೆ. ಮೊದಲು ಭೂತಗನ್ನಡಿ ಹಿಡಿದು ನಂಬರ್ ಹುಡುಕುತ್ತಿದ್ದರು. ಬೀದಿಯವರು ಆ ಹೆಸರಿಟ್ಟದ್ದು ಅದಕ್ಕೇ.

ಗಲ್ಲಾದ ಹಿಂದೆ ಅವರೇ ಬರೆದು ತೂಗುಹಾಕಿದ ಬೋರ್ಡಿತ್ತು: ‘ಜೋಡಿ ಮಾಡಿದ ಮಾಲು ಇಲ್ಲಿ ಸಿಗುವುದಿಲ್ಲ.’ ಒಂದರ ಅಲಗಿಗೆ ಇನ್ನೊಂದರ ಹಿಡಿ, ಮತ್ತೊಂದರ ಒರೆ ಸೇರಿಸಿ, ಅಸಲಿ ಎಂದು ದಾಟಿಸುವುದಕ್ಕೆ ಈ ಕಸುಬಿನಲ್ಲಿ ಜೋಡಿ ಮಾಡುವುದು ಎನ್ನುತ್ತಾರೆ. ಅಂಥವರನ್ನು ಕಂಡರೆ ಮಾಮ ಉರಿದು ಬೀಳುತ್ತಿದ್ದರು. ಅಷ್ಟೊಂದು ಉರಿಯುವುದಕ್ಕೆ ಕಾರಣ ಏನೆಂದು ಅವರೊಬ್ಬರಿಗೇ ಗೊತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ, ಅಂಗಡಿ ಆಗಷ್ಟೇ ಕಣ್ಣು ಬಿಟ್ಟಿದ್ದಾಗ, ಆ ಬೀದಿಗೆ ಕಾಗದ ಹಂಚುತ್ತಿದ್ದ ಪೋಸ್ಟ್‌ಮ್ಯಾನ್ ಪ್ರತಿ ಶನಿವಾರ ಸೈಕಲ್ಲನ್ನು ಹೊರಗೆ ಒರಗಿಸಿ ಒಳಗೆ ಬರುತ್ತಿದ್ದರು. ಅವರ ಅಪ್ಪ ಯುದ್ಧಕ್ಕೆ ಹೋದ ಸಿಪಾಯಿ. ಮನೆಗೆ ವಾಪಸು ಬಂದದ್ದು ಸಂಬಳದ ಪುಸ್ತಕ ಒಂದೇ. ಅದರಲ್ಲಿ ಬಯೋನೆಟ್ಟಿನ ನಂಬರ್ ಬರೆದಿತ್ತು: 4186. “ಅಮ್ಮ ಹಾಸಿಗೆ ಹಿಡಿದಿದಾರೆ. ಅಪ್ಪ ಮುಟ್ಟಿದ ಒಂದು ವಸ್ತು ಅವರ ಕೈಗೆ ಕೊಡ್ಬೇಕು” ಎಂದು ಎರಡು ವರ್ಷ ಒಂದೇ ರಾಗ. ಕೊನೆಗೆ ಮಾಮನ ಕೈಗೆ ಸಿಕ್ಕಿದ್ದು 4136. ಅದೇ ಕಾರ್ಖಾನೆ, ಅದೇ ವರ್ಷ, ಅದೇ ತೂಕ. ಮೂರನ್ನು ಎಂಟು ಮಾಡುವುದು ಎಷ್ಟು ಹೊತ್ತಿನ ಕೆಲಸ ಹೇಳಿ? ಹಿಡಿಯ ಮೇಲ್ಗಡೆಯ ಕಬ್ಬಿಣದ ಅಡ್ಡಪಟ್ಟಿಯಲ್ಲಿ, ಸಣ್ಣ ಉಳಿಯಿಂದ, ಅಂಕಿಯ ಎಡಗಡೆಗೆ ಎರಡು ಪುಟ್ಟ ಬಾಗು. ತೊಗಲಿನ ಒರೆಗೆ ನಂಬರೇ ಇರಲಿಲ್ಲ.

ಪಾಪ ಎನ್ನಿಸಿ ಮಾಡಿದೆ ಎಂದು ಮಾಮ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅರ್ಧ ಸುಳ್ಳು. ಹೊಸ ಅಂಗಡಿಗೆ ಹೆಸರು ಬೇಕಿತ್ತು, ಹೆಸರು ಬಂತು. ಮುದುಕಿ ಆ ಹಿಡಿಯನ್ನು ಎದೆಗೆ ಒತ್ತಿಕೊಂಡು ಅತ್ತ ಕತೆಯನ್ನು ಪೋಸ್ಟ್‌ಮ್ಯಾನ್ ಕಾಗದದ ಜೊತೆಗೆ ಮನೆಮನೆಗೂ ಹಂಚಿದರು. ಆ ಅಂಗಡಿಯವರು ಸುಳ್ಳು ಹೇಳುವವರಲ್ಲ ಎಂದು ಊರೆಲ್ಲ ಮಾತಾಯಿತು. ಮಾಮನಿಗೆ ಮಾತ್ರ ಅಂದಿನಿಂದ ಊಟ ಮೈಗೆ ಹತ್ತಲಿಲ್ಲ. ಅಸಲಿ 4186 ಎಲ್ಲಿದ್ದರೂ ಹುಡುಕಿ ತರಬೇಕು ಎಂದು ಹಟ ಹಿಡಿದರು. ನಂಬರಿನ ಹುಚ್ಚು ಹತ್ತಿದ್ದು ಹಾಗೆ.

ಸಿಕ್ಕಿತು, ಹನ್ನೊಂದು ವರ್ಷದ ಹಿಂದೆ. ಗುಜರಿಯವನ ಚೀಲದಲ್ಲಿ, ಒರೆಯಿಲ್ಲದೆ, ತುಕ್ಕು ಹಿಡಿದು. ಮಾಮ ನಂಬರನ್ನು ಎರಡೆರಡು ಸಲ ಓದಿದರು. ಅವತ್ತೇ ಪೋಸ್ಟ್‌ಮ್ಯಾನ್‌ರ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಇದನ್ನು ಕೊಟ್ಟರೆ ಅದರ ಕತೆ ಬಾಯಿ ಬಿಡಬೇಕಲ್ಲ! ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಗಿರಾಕಿಗಳು ಕೂರುವ ಕುರ್ಚಿಯ ಕೆಳಗೆ ತಳ್ಳಿದರು. ಹೆಂಡತಿ ಆ ಪೆಟ್ಟಿಗೆಯನ್ನು ಸವತಿ ಎಂದೇ ಕರೆಯುತ್ತಿದ್ದರು. ಕಸ ಗುಡಿಸುವಾಗ “ಸವತೀನ ಸ್ವಲ್ಪ ಎತ್ತಿ” ಎಂದರೆ ಮಾಮ ಸಿಡಿಮಿಡಿಗೊಳ್ಳುತ್ತಿದ್ದರು. ಶನಿವಾರ ಪೋಸ್ಟ್‌ಮ್ಯಾನ್ ಅದೇ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಇವತ್ತು ಹೇಳುತ್ತೇನೆ ಎಂದು ಮಾಮ ಪ್ರತಿ ಶನಿವಾರ ಅಂದುಕೊಳ್ಳುತ್ತಿದ್ದರು, ನಾಲಿಗೆ ಹೊರಳುತ್ತಿರಲಿಲ್ಲ. ಐದು ವರ್ಷದ ಹಿಂದೆ ಒಂದು ಶನಿವಾರ ಕುರ್ಚಿ ಖಾಲಿಯಾಯಿತು.

ಇದಿಷ್ಟು ಹಿಂದಿನದು. ಈಗ ಒಂದು ಮಧ್ಯಾಹ್ನ, ಗಡಿಯಾರ ಒಂದು ಹೊಡೆಯುವ ಹೊತ್ತಿಗೆ, ಪೋಸ್ಟ್‌ಮ್ಯಾನ್‌ರ ಮಗಳು ಬಟ್ಟೆಯಲ್ಲಿ ಸುತ್ತಿದ ಬಯೋನೆಟ್ಟನ್ನು ಗಲ್ಲಾದ ಮೇಲಿಟ್ಟಳು. ಹೊಲಿಗೆ ಕೆಲಸದವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಮಾಮ, ಇವತ್ತು ಐದು ಗಂಟೆಗೆ ಮಾಜಿ ಸೈನಿಕರ ಹಾಲ್‌ನಲ್ಲಿ ತಾತನ ವಸ್ತು ಇಡ್ತಾರೆ. ಗಾಜಿನ ಪೆಟ್ಟಿಗೇಲಿ. ಸಂಬಳದ ಪುಸ್ತಕ, ಪಕ್ಕದಲ್ಲಿ ಇದು. ಸ್ವಲ್ಪ ಎಣ್ಣೆ ಒರೆಸಿಕೊಡಿ. ಆಮೇಲೆ ಇದು ಅಸಲಿ ಅಂತ ಎರಡು ಸಾಲು ಬರೆದುಕೊಡ್ಬೇಕಂತೆ. ನಿಮ್ಮ ಕೈಬರಹ ಇದ್ರೆ ಸಾಕು ಅಂದ್ರು.”

“ಯಾರಾದ್ರೂ ಪರೀಕ್ಷೆ ಮಾಡ್ತಾರಾ?”

“ಅವರ ಹಳೇ ಆಯುಧ ಮೇಸ್ತ್ರಿ ಇದಾರಲ್ಲ, ಅವರು ಎಲ್ಲರೆದುರಿಗೆ ನಂಬರ್ ಓದಿ ಪುಸ್ತಕಕ್ಕೆ ತಾಳೆ ನೋಡ್ತಾರಂತೆ. ಭೂತಗನ್ನಡಿ ಹಿಡ್ಕೊಂಡು, ನಿಮ್ಮ ಹಾಗೇ.” ಅವಳು ನಕ್ಕಳು. “ಮೂರು ಗಂಟೆಗೆ ಬರ್ತೀನಿ. ಒಂದು ಹೊಲಿಗೆ ಅರ್ಜೆಂಟ್ ಇದೆ.”

ಅವಳು ಬೀದಿ ದಾಟುವವರೆಗೂ ಮಾಮ ನೋಡುತ್ತ ನಿಂತರು. ಆ ಮೇಸ್ತ್ರಿಯ ಕಣ್ಣು ಎಂಥದೆಂದು ಅವರಿಗೆ ಗೊತ್ತಿತ್ತು. ಎಂಟರ ಬಲಭಾಗ ಅಚ್ಚೊತ್ತಿದ್ದು, ಎಡಭಾಗ ಕೆತ್ತಿದ್ದು ಎಂದು ಅರೆಗಳಿಗೆಯಲ್ಲಿ ಹಿಡಿದುಬಿಡುತ್ತಾರೆ. ತುಂಬಿದ ಹಾಲ್‌ನಲ್ಲಿ ಆ ಹೆಣ್ಣುಮಗಳು ತಾತನ ಹೆಸರಲ್ಲಿ ನಕಲಿ ತಂದವಳಾಗುತ್ತಾಳೆ. ಆಮೇಲೆ ಮಾಮನ ಸರದಿ.

ಆಗ ಅವರಿಗೆ ಹೊಳೆಯಿತು. ಬದಲಾಯಿಸಿಬಿಟ್ಟರೆ? ಅಸಲಿ ಕಾಲಬುಡದಲ್ಲೇ ಇದೆ. ಅವಳ ಒರೆಯಲ್ಲಿ ಅದನ್ನಿಟ್ಟು ಕೊಟ್ಟರೆ ಸತ್ತವನ ವಸ್ತು ಸತ್ತವನ ಹೆಸರಿಗೆ ಸೇರುತ್ತದೆ, ಮೇಸ್ತ್ರಿ ತಲೆದೂಗುತ್ತಾರೆ, ಮಗಳ ಮಾನ ಉಳಿಯುತ್ತದೆ. ಯಾರೂ ಬಾಯಿ ಬಿಡಬೇಕಾಗಿಲ್ಲ. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಸತ್ತಿತ್ತು ಎಂದು ಬೈದುಕೊಳ್ಳುತ್ತ ಬಾಗಿಲು ಅರ್ಧ ಎಳೆದು ಪೆಟ್ಟಿಗೆಯನ್ನು ಹೊರಗೆಳೆದರು.

ಒಂದು ತೊಡಕಿತ್ತು. ಅವಳ ಬಯೋನೆಟ್ಟಿನ ಹಿಡಿಯ ಎರಡು ಮರದ ಹಲಗೆಗಳು ಪೋಸ್ಟ್‌ಮ್ಯಾನ್‌ರ ಅಂಗೈ ತಿಕ್ಕಿ ತಿಕ್ಕಿ ಕಪ್ಪಗೆ ನುಣುಪಾಗಿದ್ದವು. ಒಂದರಲ್ಲಿ ಬಿಟ್ಟ ಬಿರುಕಿಗೆ ಅವರು ಪೋಸ್ಟಾಫೀಸಿನ ಕೆಂಪು ಅರಗು ತುಂಬಿದ್ದರು. ಹಾಗಾಗಿ ಆ ಹಲಗೆಗಳನ್ನು ಬಿಚ್ಚಿ ಅಸಲಿಗೆ ಹಾಕಬೇಕು. ಅವಳದರ ಎರಡು ಸ್ಕ್ರೂ ಸಲೀಸಾಗಿ ಬಂದವು. ಅಸಲಿಯದು ಒಂದು ಬಂತು. ಎರಡನೆಯದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಬಿಟ್ಟರು. ಕಾದರು. ಒಂದೂ ನಲವತ್ತು. ಒತ್ತಿ ತಿರುಗಿಸಿದರು, ತಲೆ ಸವೆಯುವ ಹಾಗಾಯಿತು. ಸವೆದರೆ ಮುಗಿಯಿತು ಕತೆ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಎರಡೂ ಕಾಲು.

“ಏನ್ರೀ, ಅನ್ನ ಆರಿ ಹೋಯ್ತು” ಎಂದು ಹೆಂಡತಿ ಮಹಡಿಯಿಂದ ಅರ್ಧ ಮೆಟ್ಟಿಲು ಇಳಿದು ಇಣುಕಿದರು. “ಅಯ್ಯೋ, ಸವತಿ ಬಾಯಿ ಬಿಟ್ಟಿದಾಳಲ್ಲ. ಯಾಕ್ರೀ ಹಿಂಗೆ ಬೆವರ್ತಿದೀರಾ?”

“ನೀನು ಮೇಲೆ ಹೋಗು. ಬರ್ತೀನಿ.”

“ಮೈ ಹುಷಾರಿಲ್ವಾ?”

“ಹೋಗು ಅಂದ್ನಲ್ಲ.”

ಮೂವತ್ತು ವರ್ಷದಲ್ಲಿ ಗಂಡ ಹೀಗೆ ಗದರಿದ್ದಿಲ್ಲ. ಅವರು ಹತ್ತಿ ಹೋದರು. ಮಾಮ ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದರು. ಸ್ಕ್ರೂಡ್ರೈವರ್ ಜಾರಿ ಎಡಗೈಗೆ ನಾಟಿತು. ಚಿಂದಿ ಸುತ್ತಿಕೊಂಡು ಮತ್ತೆ ಹಿಡಿದಾಗ, ಕಿರ್ ಎಂದು ಸ್ಕ್ರೂ ಅಲುಗಿತು. ತುಕ್ಕು ಕೆರೆದು, ಎಣ್ಣೆ ಒರೆಸಿ, ಹಲಗೆ ಕೂರಿಸಿ ಒರೆಗೆ ಸೇರಿಸುವಷ್ಟರಲ್ಲಿ ಮೂರಕ್ಕೆ ಮೂರು ನಿಮಿಷ. ನಕಲಿಯನ್ನು ಗಲ್ಲಾದ ಡ್ರಾಯರಿಗೆ ಹಾಕಿದರು. ಜೋಡಿ ಮಾಡುವವರನ್ನು ಜನ್ಮವಿಡೀ ಬೈದ ಮನುಷ್ಯ ತನ್ನ ಬೋರ್ಡಿನ ಕೆಳಗೇ ಕೂತು, ಹೊಟ್ಟೆಗಿಲ್ಲದೆ, ಕೈ ಕೊಯ್ದುಕೊಂಡು ಜೋಡಿ ಮಾಡಿ ಮುಗಿಸಿದ್ದರು.

ಮಗಳು ಬಂದಳು. ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲೇ ಕೂತಳು. “ಕೈಗೇನಾಯ್ತು ಮಾಮ?” ಎನ್ನುತ್ತ ಬಯೋನೆಟ್ಟು ಎತ್ತಿಕೊಂಡು, ಹೊರಗೆಳೆದು, ಒಳಗೆ ತಳ್ಳಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ಎಳೆದಳು, ಈ ಸಲ ಕಣ್ಣು ಮುಚ್ಚಿ, ನಿಧಾನ ಒಳಗೆ ಬಿಟ್ಟಳು.

“ಇದು ನಮ್ಮದಲ್ಲ.”

“ನಂಬರ್ ನೋಡು ಮಗಳೇ. ನಾಲ್ಕು ಒಂದು ಎಂಟು ಆರು.”

“ನಂಬರ್ ತಗೊಂಡು ಏನ್ಮಾಡ್ಲಿ ಮಾಮ? ಅಪ್ಪ ದಿನಾ ಡ್ಯೂಟಿಗೆ ಹೊರಡೋ ಮುಂಚೆ ಇದನ್ನ ಒಂದ್ಸಲ ತೆಗೆದು ಒಳಗೆ ಹಾಕ್ತಿದ್ರು. ನಾವು ಹಾಸಿಗೆಯಿಂದ ಏಳ್ತಿದ್ದದ್ದೇ ಆ ಸದ್ದಿಗೆ. ಅರ್ಧ ಹೋದಾಗ ಟಿಕ್ ಅನ್ನುತ್ತೆ, ಕೊನೇಲಿ ಟಕ್. ಇದು ಟಿಕ್ ಅನ್ನಲ್ಲ.”

ಡ್ರಾಯರಿಗೆ ಹಾಕಿದ ಆ ಹಳೆಯ ಅಲಗಿನ ಅಂಚಿನಲ್ಲಿ ಒಂದು ಸಣ್ಣ ಮುಕ್ಕಿತ್ತು. ಒಳಗೆ ಹೋಗುವಾಗ ಒರೆಯ ಬಾಯಿಯ ಹಿತ್ತಾಳೆ ಪಟ್ಟಿಗೆ ತಗುಲುತ್ತಿತ್ತು. ಮಾಮ ಅದನ್ನು ಮಾರುವ ಮುಂಚೆ ನೋಡಿ ಮರೆತಿದ್ದರು. ಅಂಕಿಗಳ ಹೊರತು ಬೇರೆ ಏನನ್ನೂ ಅವರು ತಲೆಗೆ ಹಾಕಿಕೊಂಡವರಲ್ಲ. ಎಣ್ಣೆ ಹಾಕಿದ್ದಕ್ಕೆ ಸದ್ದು ಹೋಗಿರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ಅಪ್ಪನ ಹಾಗೇ, ತಲೆ ಸ್ವಲ್ಪ ಓರೆ ಮಾಡಿ ನೋಡುತ್ತಿದ್ದಳು.

“ನಮ್ಮದು ಎಲ್ಲಿ ಮಾಮ?”

ಮಾಮ ಡ್ರಾಯರ್ ಎಳೆದು ಹಿಡಿಯಿಲ್ಲದ ಅಲಗನ್ನು ಅವಳೆದುರಿಗಿಟ್ಟರು. ಭೂತಗನ್ನಡಿ ಕೊಟ್ಟು ಎಂಟರ ಎಡಗಡೆ ತೋರಿಸಿದರು. ಹೇಳಿದರು, ಮೂರು ಎಂಟಾದದ್ದು, ಹೊಸ ಅಂಗಡಿ, ಅವಳ ಅಜ್ಜಿ, ಎಲ್ಲ. ಎಲ್ಲೂ ನಿಲ್ಲಿಸಲಿಲ್ಲ.

ಅವಳು ಅಸಲಿಯನ್ನು ತೋರಿಸಿ ಕೇಳಿದಳು. “ಇದು ಯಾವಾಗ ಸಿಕ್ತು?”

“ಹನ್ನೊಂದು ವರ್ಷ ಆಯ್ತು.”

“ಅಪ್ಪ ಹೋಗಿ ಐದು.” ಅವಳು ಮುಂದಿನ ಲೆಕ್ಕ ಹೇಳಲಿಲ್ಲ. “ಪ್ರತಿ ಶನಿವಾರ ಇಲ್ಲಿಗೆ ಬರ್ತಿದ್ರು. ಆಗ ಇದು ಎಲ್ಲಿತ್ತು?”

ಮಾಮ ಅವಳ ಕುರ್ಚಿಯ ಕೆಳಗೆ ಬೆರಳು ತೋರಿಸಿದರು.

ಅವಳು ಬಗ್ಗಿ ನೋಡಿದಳು. ಕೆಂಡ ಮುಟ್ಟಿದವಳಂತೆ ಎದ್ದು ನಿಂತಳು.

“ಹಿಡಿ ಬಿಚ್ಚಿ. ಅದು ಅಪ್ಪಂದು.”

ಅವಳ ಕಣ್ಣೆದುರಿಗೇ ಮಾಮ ಮತ್ತೆ ಸ್ಕ್ರೂಡ್ರೈವರ್ ಹಿಡಿದರು. ಚಿಂದಿಯಿಂದ ರಕ್ತ ಒಸರುತ್ತಿತ್ತು. ಅರಗು ತುಂಬಿದ ಹಲಗೆಗಳನ್ನು ಹಳೆಯ ಅಲಗಿಗೆ ಕೂರಿಸುವಾಗ ಸ್ಕ್ರೂ ಎರಡು ಸಲ ನೆಲಕ್ಕೆ ಬಿತ್ತು. ಮುಗಿದ ಮೇಲೆ ಅವಳು ಅದನ್ನು ಒರೆಗೆ ಬಿಟ್ಟಳು. ಟಿಕ್. ಟಕ್. ಮಾಮ ಆ ಸದ್ದನ್ನು ಮೊದಲ ಸಲ ಕೇಳಿದರು.

“ಇದನ್ನ ನಾನು ಮನೆಗೆ ತಗೊಂಡು ಹೋಗ್ತೀನಿ,” ಎಂದಳು. “ತಾತಂದು ಅದು. ಅದನ್ನ ಐದು ಗಂಟೆಗೆ ಹಾಲ್‌ಗೆ ನೀವೇ ತನ್ನಿ. ಅಸಲಿ ಅನ್ನೋ ಚೀಟಿ ಬೇಡ. ನನಗೆ ಹೇಳಿದ್ದನ್ನ ಅಲ್ಲಿ ಎದ್ದು ನಿಂತು ಹೇಳಿ. ಅಪ್ಪನ ಬಾಯಲ್ಲಿ ನಿಮ್ಮ ಹೊಗಳಿಕೆ ಕೇಳಿದ ಜನ ಎಲ್ಲ ಅಲ್ಲಿರ್ತಾರೆ.”

“ಹೇಳಿದ್ರೆ ಅಂಗಡಿ ಮುಚ್ಚಿದ ಹಾಗೆ, ಮಗಳೇ.”

“ಗೊತ್ತು ಮಾಮ.”

ಅವಳು ಹೋದಳು. ಹೆಂಡತಿ ಮೆಟ್ಟಿಲ ಮೇಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಇಳಿದು ಬಂದು ಗಂಡನ ಕೈ ತೊಳೆದು, ಶುಭ್ರ ಬಟ್ಟೆ ಕಟ್ಟಿದರು. “ಹಿಡಿ ಬೋಳಾಗಿರೋ ಹಾಗೇ ತಗೊಂಡು ಹೋಗ್ಬೇಡಿ, ಅದರ ಹಲಗೆ ಹಾಕಿ” ಎಂದಷ್ಟೇ ಹೇಳಿದರು. ಅಸಲಿಯ ಒರಟು ಹಲಗೆಗಳನ್ನು ಅದಕ್ಕೇ ಹಾಕಿ, ಬಟ್ಟೆಯಲ್ಲಿ ಸುತ್ತಿ ಮಾಮ ಹೊರಟರು. ಹಗಲು ಹೊತ್ತಲ್ಲಿ ಬಾಗಿಲು ಹಾಕಿದ್ದನ್ನು ಕಂಡು ಎದುರಂಗಡಿಯವನು ಏನು ವಿಶೇಷ ಎಂದು ಕೂಗಿದ. ಮಾಮ ತಿರುಗಲಿಲ್ಲ.

ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಗಳು ಸಂಬಳದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಕುರ್ಚಿ ಖಾಲಿ ಬಿಟ್ಟಿದ್ದಳು. ಅದು ತನಗೋ, ಅವಳಪ್ಪನಿಗೋ ಎಂದು ಕೇಳುವ ಧೈರ್ಯ ಮಾಮನಿಗಿರಲಿಲ್ಲ; ನಿಂತೇ ಇದ್ದರು. ಆಯುಧ ಮೇಸ್ತ್ರಿ ಬಯೋನೆಟ್ಟನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಭೂತಗನ್ನಡಿ ತೆಗೆದರು. ಓದಿದರು, ಪುಸ್ತಕ ತರಿಸಿ ನೋಡಿದರು, ಮತ್ತೆ ಓದಿದರು.

“ಅಸಲಿ,” ಎಂದರು. ಚಪ್ಪಾಳೆ ಬಿತ್ತು. “ನಿಮ್ಮ ಅಂಗಡಿ ಮಾಲು ಅಂದ್ರೆ ನೋಡೋದೇ ಬೇಕಾಗಿಲ್ಲ ಬಿಡಿ, ಮಾಮ.”

ಇಲ್ಲಿಗೇ ಮುಗಿಸಬಹುದಿತ್ತು. ಅಸಲಿ ಅಸಲಿಯೇ ಆಗಿತ್ತು, ಯಾರಿಗೂ ಏನೂ ಗೊತ್ತಿರಲಿಲ್ಲ. ಮಗಳು ಚಪ್ಪಾಳೆ ತಟ್ಟಲಿಲ್ಲ. ಅವಳು ಮಾಮನ ಮುಖವನ್ನೇ ನೋಡುತ್ತಿದ್ದಳು.

“ಸ್ವಲ್ಪ ತಡೀರಿ,” ಎಂದರು ನಂಬರ್ ಮಾಮ. ಚಪ್ಪಾಳೆ ನಿಂತಿತು. “ನೀವೆಲ್ಲ ಇಷ್ಟು ವರ್ಷ ಕೇಳಿದ್ದು ಈ ಬಯೋನೆಟ್ಟಿನ ಕತೆ ಅಲ್ಲ.”