ಕಾರಣ ಬರೆಯುತ್ತಿದ್ದವನು

ನಾನು ಹೊಸದುರ್ಗಕ್ಕೆ ಬಂದದ್ದು ತಮ್ಮನ ಜೊತೆ ಇರಲೆಂದು. ಅವನು ಇಲ್ಲಿಯ ಬ್ಯಾಂಕೊಂದರಲ್ಲಿದ್ದ. ಆರು ತಿಂಗಳಿಗೆ ಅವನಿಗೆ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟ. ನಾನು ಉಳಿದೆ. ಯಾಕೆಂದು ಕೇಳಿದವರಿಗೆಲ್ಲ, ಇಲ್ಲಿ ಇಂಟರ್‌ನೆಟ್ ಚೆನ್ನಾಗಿದೆ ಎನ್ನುತ್ತಿದ್ದೆ. ನಿಜವೆಂದರೆ ಹೋಗುವುದಕ್ಕೆ ಇನ್ನೊಂದು ಊರು ನನಗೆ ಹೊಳೆದಿರಲಿಲ್ಲ.

ನನ್ನ ಕೆಲಸ ಮನೆಯಿಂದಲೇ. ದಕ್ಷಿಣ ಅಮೆರಿಕದ ಒಂದು ಒಣ ಬೆಟ್ಟದ ತುದಿಯಲ್ಲಿ, ಗುಮ್ಮಟದೊಳಗೆ, ದೊಡ್ಡ ಕನ್ನಡಿಯ ದೂರದರ್ಶಕವೊಂದಿದೆ. ಅದು ಆಕಾಶದ ಚಿತ್ರವನ್ನು ತುಂಡು ತುಂಡಾಗಿ ತೆಗೆಯುತ್ತದೆ. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಏನು ಬದಲಾಯಿತು, ಏನು ಹೊಸದಾಗಿ ಹೊಳೆಯಿತು, ಏನು ಜಾಗ ಬಿಟ್ಟು ಸರಿಯಿತು ಎಂದು ತಿಳಿಯಲು. ಈಗ ಯಾವ ತುಂಡು, ಅದಾದ ಮೇಲೆ ಯಾವುದು ಎಂದು ಹೇಳುವ ತಂತ್ರಾಂಶವನ್ನು ಬರೆಯುವವರಲ್ಲಿ ನಾನೊಬ್ಬಳು. ಚಂದ್ರ ಎಲ್ಲಿದ್ದಾನೆ, ಮೋಡ ಎಲ್ಲಿದೆ, ಯಾವ ತುಂಡನ್ನು ನೋಡಿ ಎಷ್ಟು ದಿನವಾಯಿತು, ದೂರದರ್ಶಕ ಈಗ ಯಾವ ಕಡೆ ಮುಖ ಮಾಡಿದೆ, ಇಷ್ಟನ್ನೂ ತೂಗಿ ಅದು ರಾತ್ರಿಯೆಲ್ಲ ನಿರ್ಧಾರ ಮಾಡುತ್ತಲೇ ಇರಬೇಕು.

ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ನಾನು ಬೆಳಗಿನ ಕಾಫಿ ಹಿಡಿದು ಕೂರುವ ಹೊತ್ತಿಗೆ ಅಲ್ಲಿ ಆಗಲೇ ಕತ್ತಲಾಗಿರುತ್ತಿತ್ತು. ಮಧ್ಯಾಹ್ನದ ಬಿಸಿಲು ಇಳಿಯುವಾಗ ಅಲ್ಲಿ ಬೆಳಗಾಗುತ್ತಿತ್ತು.

ತಮ್ಮ ಹೋದ ಮೇಲೆ ನಾನು ಒಂದು ಮನೆಯ ತಾರಸಿಯ ಮೇಲಿನ ಕೋಣೆಗೆ ಬಂದಿದ್ದೆ. ಕೆಳಗಿನ ಮನೆಯಲ್ಲಿ ಓನರಮ್ಮ ಒಬ್ಬರೇ. ಗಂಡ ಬಟ್ಟೆ ಅಂಗಡಿ ಇಟ್ಟಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಬೆಳಗಿನ ಲಿಂಗಪೂಜೆ ಮುಗಿಸಿ, ತವರೂರು ಮಾಡದಕೆರೆಯಿಂದ ಬಂದ ಶೇಂಗಾವನ್ನೋ ಹುರುಳಿಯನ್ನೋ ಒಣಹಾಕಲು ತಾರಸಿಗೆ ಬರುವರು. ಮೊದಲ ವಾರವೇ ಕಿಟಕಿಯಲ್ಲಿ ಇಣುಕಿ ಕೇಳಿದರು.

"ಹಗಲೆಲ್ಲ ಬಾಗ್ಲು ಹಾಕ್ಕಂಡು ಏನ್ ಮಾಡ್ತೀಯವ್ವ?"

"ನಕ್ಷತ್ರದ ಕೆಲಸ ಅಮ್ಮ."

"ಹಗಲೊತ್ನಾಗೆ ನಕ್ಷತ್ರ ಎಲ್ಲೈತೆ?" ಎಂದು ನಕ್ಕು ಹೋದರು. ಊಟಕ್ಕೆ ಕರೆದರೆ ನಾನು ಕೆಲಸವಿದೆ ಎನ್ನುತ್ತಿದ್ದೆ. ಕೆಲಸ ಇರುತ್ತಲೂ ಇತ್ತು.

ಆ ಬೆಟ್ಟದ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದು ದೂರದರ್ಶಕ ನಡೆಸುವ ಒಬ್ಬ ನಿರ್ವಾಹಕನಿದ್ದ. ಆಗ ನಮ್ಮ ತಂತ್ರಾಂಶ ಸಲಹೆ ಕೊಡುತ್ತಿತ್ತು, ಅಷ್ಟೆ. ಒಪ್ಪುವುದು, ಬಿಡುವುದು ಅವನಿಗೆ ಸೇರಿದ್ದು. ಒಪ್ಪದೆ ಬೇರೆ ತುಂಡಿಗೆ ತಿರುಗಿಸಿದರೆ ಮಾತ್ರ ಪಕ್ಕದಲ್ಲಿ ಕಾರಣ ಬರೆಯಬೇಕು ಎಂಬುದು ನಿಯಮ. ಆ ಕಾರಣಗಳನ್ನು ಓದಿ, ಮುಂದಿನ ಸಲ ತಂತ್ರಾಂಶ ತಾನೇ ಹಾಗೆ ಯೋಚಿಸುವಂತೆ ತಿದ್ದುವುದು ನನ್ನ ಕೆಲಸ.

ಅವನು ಬರೆಯುತ್ತಿದ್ದ: "ಸಮುದ್ರದ ಕಡೆಯಿಂದ ಮೋಡ ಬರುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಪಶ್ಚಿಮ ಮುಚ್ಚುತ್ತದೆ. ಪೂರ್ವಕ್ಕೆ ಹೋಗುತ್ತಿದ್ದೇನೆ." "ಗಾಳಿ ನೇರ ಗುಮ್ಮಟದ ಬಾಯಿಗೆ ಬೀಸುತ್ತಿದೆ, ಕನ್ನಡಿ ನಡುಗುತ್ತಿದೆ." ಒಂದು ದಿನ ಬರೆದ: "ಕಂಬಿಯ ಮೇಲೆ ಗೂಬೆ ಬಂದು ಕೂತಿದೆ. ಏನನ್ನೂ ಬದಲಿಸಿಲ್ಲ. ಸುಮ್ಮನೆ ಹೇಳಿದೆ."

ನಾನು ಉತ್ತರ ಬರೆದೆ. ಹಾಗೆ ಶುರುವಾಯಿತು. ಅವನ ಭಾಷೆ ಸ್ಪ್ಯಾನಿಷ್, ನನ್ನದು ಕನ್ನಡ. ಇಬ್ಬರದೂ ಕುಂಟು ಇಂಗ್ಲಿಷ್. ಆ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ನನ್ನ ಮನಸ್ಸಿನೊಳಗೆ ಅವನು ಮೊದಲ ವರ್ಷ 'ನೀವು' ಆಗಿದ್ದು, ಯಾವಾಗಲೋ ಒಮ್ಮೆ 'ನೀನು' ಆಗಿಬಿಟ್ಟ. ಅವನ ಮುಖ ನಾನು ನೋಡಲಿಲ್ಲ, ದನಿ ಕೇಳಲಿಲ್ಲ. ಹೆಂಡತಿ ಬಿಟ್ಟು ಹೋಗಿದ್ದಳೆಂದು ಒಂದು ಸಲ ಹೇಳಿದ್ದ. ನಾನು ಮದುವೆಯಾಗಲಿಲ್ಲವೆಂದು ಹೇಳಿದ್ದೆ. ಆ ವಿಷಯ ಮತ್ತೆ ಇಬ್ಬರೂ ಎತ್ತಲಿಲ್ಲ. "ನಿನ್ನ ಊರಿನಲ್ಲಿ ಈಗ ಏನಾಗುತ್ತಿದೆ?" ಎಂದು ಕೇಳುತ್ತಿದ್ದ. ಓನರಮ್ಮ ಕೋತಿಗಳನ್ನು ಬೈಯುತ್ತಿದ್ದಾರೆ ಎಂದು ಬರೆಯುತ್ತಿದ್ದೆ. ಏನೆಂದು ಬೈಯುತ್ತಾರೆ ಎಂದು ಅದಕ್ಕೂ ಪ್ರಶ್ನೆ. ಹೀಗೆ ನಾಲ್ಕು ವರ್ಷ. ದಿನದಲ್ಲಿ ನಾನು ಯಾರೊಡನಾದರೂ ಮಾತಾಡಿದೆ ಎನ್ನುವುದಾದರೆ ಅದು ಅವನೊಡನೆ.

ಈ ನಾಲ್ಕು ವರ್ಷದಲ್ಲಿ ಅವನು ಬರೆಯುವ ಕಾರಣಗಳು ಕಡಿಮೆಯಾಗುತ್ತ ಬಂದವು. ಮೊದಮೊದಲು ರಾತ್ರಿಗೆ ಹತ್ತಾರು ಇರುತ್ತಿದ್ದವು. ಆಮೇಲೆ ಎರಡೋ ಮೂರೋ. ಕೊನೆಗೆ ವಾರಕ್ಕೊಂದು. ತಂಡದವರು ನನ್ನನ್ನು ಹೊಗಳಿದರು. ನಾನೂ ಹಿಗ್ಗಿದೆ. ಆ ಇಳಿಕೆಯನ್ನು ತೋರಿಸುವ ಗ್ರಾಫನ್ನು ನಾನೇ ಬರೆದು ಎಲ್ಲರಿಗೂ ಕಳಿಸಿದ್ದೆ. ಅದರ ಅರ್ಥ ಇನ್ನೇನಿರಬಹುದು ಎಂದು ಆಗ ಯೋಚಿಸಲೇ ಇಲ್ಲ.

ಒಂದು ದಿನ ಮೀಟಿಂಗಿನಲ್ಲಿ ಮುಖ್ಯಸ್ಥೆ ಹೇಳಿದರು: ಇನ್ನು ಮೇಲೆ ರಾತ್ರಿ ಬೆಟ್ಟದ ಮೇಲೆ ಯಾರೂ ಕೂರುವುದು ಬೇಡ, ತಂತ್ರಾಂಶವೇ ನಡೆಸಲಿ, ಅವಘಡವಾದರೆ ಬೆಟ್ಟದ ಬುಡದಲ್ಲಿ ಮಲಗಿರುವ ಇಂಜಿನಿಯರನ್ನು ಅದೇ ಎಬ್ಬಿಸುತ್ತದೆ. ಆಮೇಲೆ ನನ್ನನ್ನು ಕೇಳಿದರು, ಅದು ಸಿದ್ಧವಿದೆಯೇ?

ಒಂದು ವಾರ ಸಮಯ ಕೊಡಿ, ಪರೀಕ್ಷೆ ಮಾಡುತ್ತೇನೆ ಎಂದೆ. ಆ ವಾರ ನಾನು ಮಾಡಿದ್ದು ತಪ್ಪು ಹುಡುಕುವ ಕೆಲಸ. ಹಳೆಯ ರಾತ್ರಿಗಳನ್ನೆಲ್ಲ ಮತ್ತೆ ಅದರ ಮುಂದಿಟ್ಟೆ. ಸುಳ್ಳು ಮೋಡ ತಂದೆ, ಸುಳ್ಳು ಬಿರುಗಾಳಿ ಬೀಸಿದೆ. ಎಲ್ಲಾದರೂ ಎಡವಲಿ ಎಂದು ಬೇಡಿಕೊಂಡೆ. ನಾಲ್ಕನೆಯ ದಿನ ಒಂದು ಸಣ್ಣ ತಪ್ಪು ಸಿಕ್ಕಿತು. ಅದನ್ನು ಹಾಗೇ ಬಿಡಬಹುದಿತ್ತು. ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತ ಕೂತೆ. ಸಂಜೆ ಸರಿಪಡಿಸಿದೆ. ಮುಂದಿನ ಮೀಟಿಂಗಿನಲ್ಲಿ, ಸಿದ್ಧವಿದೆ ಎಂದೆ.

ಇನ್ನು ಮೂರು ವಾರವಷ್ಟೇ ಕೆಲಸವೆಂದು ಅವನಿಗೆ ಕಚೇರಿಯಿಂದ ಪತ್ರ ಹೋಯಿತು. ಅವನು ನನಗೆ ಆ ಬಗ್ಗೆ ಏನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಿಂದಿನಂತೆ ಗಾಳಿ, ಮೋಡ, ಕೋತಿ. ಹಾಗೇ ಮೂರು ವಾರ ಕಳೆದೆವು.

ಅವನ ಕೊನೆಯ ರಾತ್ರಿ ನಮ್ಮಲ್ಲಿ ಒಂದು ಬುಧವಾರದ ಬೆಳಗು. ಸುಮಾರು ಹತ್ತೂವರೆಗೆ ಓನರಮ್ಮ ಹುರುಳಿಯ ಮೊರ ಹಿಡಿದು ಬಂದವರು ಅಳುತ್ತ ಕೂತಿದ್ದ ನನ್ನನ್ನು ಕಿಟಕಿಯಲ್ಲಿ ನೋಡಿದರು. ಬಾಗಿಲು ತಳ್ಳಿಕೊಂಡೇ ಒಳಗೆ ಬಂದರು.

"ಯಾಕವ್ವ, ಯಾರ್ಗೇನಾತು?"

ಅವರನ್ನು ಕೂರಿಸಿ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ, ಕೊನೆಯವರೆಗೂ ಕೇಳಿದರು.

"ಅದು ಚೆನ್ನಾಗ್ ಕೆಲ್ಸ ಮಾಡ್ತೈತೆ ಅಂದ್ಯಲ್ಲ, ಅದು ನಿಜಾನಾ?"

"ನಿಜ ಅಮ್ಮ."

"ಸುಳ್ಳು ಹೇಳ್ಬೇಕಿತ್ತು ಅಂತೀಯಾ?"

"ಇಲ್ಲ."

"ಹಂಗಾರೆ ಅಳು. ಬ್ಯಾಡ ಅಂದೋರು ಯಾರು?" ಎಂದು ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದರು. ಮತ್ತೆ, "ಹ್ಞೂಂ ಅಂದಿದ್ದು ನೀನೇ ಅಂತ ಆವಯ್ಯಂಗೆ ಗೊತ್ತೈತಾ?" ಎಂದರು.

"ಇಲ್ಲ. ಆ ಮೀಟಿಂಗಲ್ಲಿ ಅವನು ಇರಲಿಲ್ಲ."

"ಹೇಳ್ಬಿಡವ್ವ. ಇವತ್ತೇ ಹೇಳ್ಬಿಡು. ನಾಳೆ ಯಾರ್ಗ್ ಹೇಳ್ತೀಯ?"

ಅವರು ತಾರಸಿಗೆ ಹೋದ ಮೇಲೆ ಬರೆದೆ: ನನ್ನನ್ನು ಕೇಳಿದ್ದರು. ಸಿದ್ಧವಿದೆ ಎಂದವಳು ನಾನೇ.

ಪರದೆಯ ಮೇಲೆ ಒಂದರ ಹಿಂದೊಂದು ತುಂಡು ಮುಗಿಯುತ್ತಿತ್ತು. ಆಮೇಲೆ ಉತ್ತರ ಬಂತು: "ಗೊತ್ತು. ನಾಲ್ಕು ವರ್ಷ ನಿನಗೆ ಕಾರಣ ಬರೆದುಕೊಟ್ಟೆ. ಅವನ್ನು ತೆಗೆದುಕೊಂಡು ನೀನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಬೇಡವೆನಿಸಿದ್ದರೆ ತಪ್ಪು ಕಾರಣ ಬರೆಯಬಹುದಿತ್ತು. ಬರೆಯಲಿಲ್ಲ."

ಓನರಮ್ಮ ಹುರುಳಿ ಹರಡುತ್ತಿದ್ದಾರೆ ಎಂದು ಬರೆದೆ. ಒಳ್ಳೆಯದು ಎಂದು ಬರೆದ. ಅಲ್ಲಿ ಬೆಳಗಾಗುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ಅವನು ತನ್ನ ಊರಿಗೆ ಹೋಗಿ, ಗಣಿ ಕೆಲಸಗಾರರನ್ನು ಸಾಗಿಸುವ ಬಸ್ಸು ಓಡಿಸತೊಡಗಿದ. ರಾತ್ರಿ ಮಲಗುವುದು ಇನ್ನೂ ಅಭ್ಯಾಸವಾಗಿಲ್ಲ ಎಂದು ಒಮ್ಮೆ ಬರೆದ. ಇನ್ನೊಮ್ಮೆ ತಂಗಿಯ ಮಗುವಿನ ಫೋಟೋ ಕಳಿಸಿದ. ಆಮೇಲೆ ನನ್ನದೊಂದು ಪತ್ರಕ್ಕೆ ಉತ್ತರ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ದೂರದರ್ಶಕ ಚೆನ್ನಾಗಿ ನಡೆಯುತ್ತಿದೆ. ಪ್ರತಿ ಆಯ್ಕೆಗೂ ತಂತ್ರಾಂಶ ತಾನೇ ಒಂದು ಸಾಲು ಕಾರಣ ಬರೆದಿಡುತ್ತದೆ. ಆ ವಾಕ್ಯಗಳೆಲ್ಲ ನಾನೇ ಬರೆದುಕೊಟ್ಟವು. ದಿನಾ ಬೆಳಿಗ್ಗೆ ನನ್ನ ಮಾತನ್ನು ನಾನೇ ಓದುತ್ತೇನೆ.

ಹೋದ ತಿಂಗಳು ಮನೆಯ ಯುಪಿಎಸ್‌ಗೆ ಬ್ಯಾಟರಿ ತರಲು ಚಿತ್ರದುರ್ಗಕ್ಕೆ ಹೊರಟಿದ್ದೆ. ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ಕೈಯಲ್ಲಿ ಕಂಬಳಿ ಗಂಟು. ಕುರಿ ಸಾಕುವ ಮನೆಯವಳೆಂದು ಕಾಣುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಮನ್ಯಾಗೆ ಯಾರ್ ಯಾರ್ ಅದೀರವ್ವ?"

ಇಂಥ ಪ್ರಶ್ನೆಗೆ ನಾನು ಯಾವಾಗಲೂ ತಮ್ಮನ ಹೆಸರು ಹೇಳುತ್ತಿದ್ದೆ. ಅಂದು, "ನಾನೊಬ್ಬಳೇ" ಎಂದೆ.

"ಒಬ್ಳೇನಾ?" ಎಂದು ನನ್ನನ್ನೇ ನೋಡಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತೂಕಡಿಸಿ ನನ್ನ ಭುಜಕ್ಕೆ ಒರಗಿದಳು. ತೋಳು ಜೋಮು ಹಿಡಿಯಿತು. ಚಿತ್ರದುರ್ಗ ಬರುವವರೆಗೂ ನಾನು ಅಲುಗಾಡಲಿಲ್ಲ.