ಲಾಯದ ಮನೆಯ ಮೊದಲ ಹಾಲು

ಸತ್ತವರ ದನಿ ಕೇಳಿತು, ಸೂಚನೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ಅವರೆದುರೇ ನಗುತ್ತಿದ್ದವಳು. ಈಗ ನೀವು ನಗಬಹುದು, ನನಗೇನೂ ಬೇಜಾರಿಲ್ಲ.

ದೇಹೂ ರೋಡಿನ ಆಚೆ ಹಳೇ ಸರದಾರರೊಬ್ಬರ ವಾಡೆ ಇತ್ತು. ವಾಡೆ ಬಿದ್ದುಹೋಗಿ ಕುದುರೆ ಲಾಯವಷ್ಟೇ ಉಳಿದಿತ್ತು. ನಮ್ಮ ಮನೆಯವರು ಅದನ್ನೇ ಮನೆ ಮಾಡುತ್ತೇನೆಂದು ಹಟ ಹಿಡಿದರು. "ಕುದುರಿ ಕಟ್ಟೋ ಜಾಗಾದಾಗ ಸಂಸಾರ ಏನ್ರಿ?" ಎಂದು ನಾನು ಕಾಡಿಸಿದ್ದೇ ಕಾಡಿಸಿದ್ದು. ರಿಟೈರಾದ ಮೇಲೆ ನಾಲ್ಕು ವರ್ಷ ಗೌಂಡಿಗಳ ಜೊತೆ ನಿಂತು ಕಲ್ಲಿನ ಗೋಡೆಗೆ ಕಿಟಕಿ ತೆಗೆಸಿದರು. ಕುದುರೆಗಳು ಮೇವು ತಿನ್ನುತ್ತಿದ್ದ ಗೋದಲಿಯ ಮೇಲೆ ಅಡುಗೆಕಟ್ಟೆ ಕೂರಿಸಿದರು. ಬಣ್ಣ ಒಣಗುವ ಮೊದಲೇ ಹೋಗಿಬಿಟ್ಟರು.

ವರ್ಷ ಕಳೆದ ಮೇಲೆ ಗೃಹಪ್ರವೇಶ. ಅವರು ಮಾಡಿಸಿದ ಆ ಕಟ್ಟೆಯ ಮೇಲೆ ಮೊದಲ ಹಾಲನ್ನು ನಾನೇ ಉಕ್ಕಿಸಬೇಕೆಂಬ ಒಂದೇ ಆಸೆ ನನಗೆ. ಆದರೆ ಮುತ್ತೈದೆಯೇ ಆಗಬೇಕಂತೆ! ಧಾರವಾಡದಿಂದ ಬಂದ ನಾದಿನಿ ಗ್ಯಾಸ್ ಹಚ್ಚಿ ಪಾತ್ರೆ ಇಟ್ಟಳು. ನಾನು ಹಿತ್ತಲಿನಲ್ಲಿ ಹೋಗಿ ನಿಂತೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು.

ಆಗ ಒಳಗಿನಿಂದ ಅವರ ದನಿ ಕೇಳಿತು.

"ಏ, ಹಾಲು ನೋಡು! ಉಕ್ಕತದ!"

ಬಿಬವೇವಾಡಿಯ ಬಾಡಿಗೆ ಮನೆಯಲ್ಲಿ ನಾನು ಹಾಲಿಟ್ಟು ಮರೆಯುವುದು, ಅವರು ಪೇಪರಿನಿಂದ ತಲೆ ಎತ್ತದೆ ಹೀಗೇ ಕೂಗುವುದು ಮೂವತ್ತು ವರ್ಷ ನಡೆದಿತ್ತು. ಅದೇ ಕೂಗು, ಅದೇ ಸಿಡುಕು. ನಾನು ವಿಚಾರ ಮಾಡಲಿಲ್ಲ. ಓಡಿಬಂದು ನಾದಿನಿಯನ್ನು ಸರಿಸಿ ಗ್ಯಾಸ್ ಆರಿಸಿಬಿಟ್ಟೆ. ಅಂಚಿಗೆ ಬಂದಿದ್ದ ಹಾಲು ಕೆಳಗಿಳಿಯಿತು.

"ಅಯ್ಯ ವೈನಿ, ಏನ್ ಮಾಡಿದ್ರಿ! ಇವತ್ತ ಉಕ್ಕಬೇಕಿತ್ತಲ್ರಿ!" ಎಂದಳು ನಾದಿನಿ.

"ಇವರು ಕೂಗಿದ್ರಲ್ಲ" ಎಂದೆ.

ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಕೊನೆಗೆ ಪುರೋಹಿತರು ಗಡಿಯಾರ ನೋಡಿ, "ಆರಿಸಿದವರ ಕೈಲೇ ಹಚ್ಚಸ್ರಿ, ಮುಹೂರ್ತ ಮೀರ್ತದ" ಎಂದು ಗೊಣಗಿದರು. ನಾನೇ ಹಚ್ಚಿದೆ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಎಲ್ಲರೆದುರೇ ಅತ್ತುಬಿಟ್ಟೆ.

ಇದಾಗಿ ಐದಾರು ವರ್ಷವಾಯಿತು. ಮನಸ್ಸಿನ ಆಟ ಎನ್ನುತ್ತಾನೆ ಡಾಕ್ಟರಾಗಿರುವ ನನ್ನ ತಮ್ಮ. ಇರಬಹುದು. ಆದರೆ ಹಿತ್ತಲಿನಿಂದ ಒಲೆ ಕಾಣುವುದಿಲ್ಲ. ಹಾಲು ಅಂಚಿಗೆ ಬಂದದ್ದು ನನಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಅವನೂ ಮಾತು ಬದಲಿಸುತ್ತಾನೆ.

ಈಗ ದಿನಾ ಬೆಳಿಗ್ಗೆ ಹಾಲಿಟ್ಟು, ಬೇಕೆಂದೇ ಒಲೆಗೆ ಬೆನ್ನು ಮಾಡಿ ಕೂರುತ್ತೇನೆ. ಯಾರೂ ಕೂಗುವುದಿಲ್ಲ. ಹಾಲು ಉಕ್ಕಿ ಒಲೆ ಆರುತ್ತದೆ. ಎದ್ದು ಕಟ್ಟೆ ಒರೆಸುತ್ತೇನೆ.